ರಮಣೀಯ: ಪದದ ಹುಟ್ಟು, ಅರ್ಥ ಮತ್ತು ಕೊಡಗಿನ ಒಂದು ನಿದರ್ಶನ

ರಮಣೀಯ ಎಂಬುದು ಕನ್ನಡದಲ್ಲಿ ತತ್ಸಮವಾಗಿ ನೆಲೆನಿಂತ ಸಂಸ್ಕೃತ ವಿಶೇಷಣ. ಇಂದಿನ ಬರವಣಿಗೆಯಲ್ಲಿ ಅದು ಬೆಟ್ಟ, ಕಣಿವೆ, ಜಲಪಾತ, ಸೂರ್ಯಾಸ್ತಮಯ ಮೊದಲಾದ ನೈಸರ್ಗಿಕ ನೋಟಗಳಿಗೇ ಬಹುಮಟ್ಟಿಗೆ ಮೀಸಲಾಗಿ, ಕಣ್ಣಿಗೆ ಸೊಗಸಾದುದು ಎಂಬಷ್ಟಕ್ಕೆ ತನ್ನ ಅರ್ಥವನ್ನು ಕುಗ್ಗಿಸಿಕೊಂಡಿದೆ. ಪದದ ಚರಿತ್ರೆಯನ್ನು ಹಿಡಿದು ಹಿಂದಕ್ಕೆ ನಡೆದವರಿಗೆ ಮಾತ್ರ, ಅದು ನೋಡುವವನಿಗಿಂತ ಹೆಚ್ಚಾಗಿ ನಿಲ್ಲುವವನಿಗೆ, ತಂಗುವವನಿಗೆ, ನೆಲೆಸುವವನಿಗೆ ಸಂಬಂಧಿಸಿದ ಮಾತೆಂಬುದು ಹಂತಹಂತವಾಗಿ ತಿಳಿದುಬರುತ್ತದೆ. ಈ ಲೇಖನದಲ್ಲಿ ಆ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸಿ, ಕೊಡಗಿನ ವಿರಾಜಪೇಟೆ ತಾಲ್ಲೂಕಿಗೆ ಸೇರಿದ ಬಿಟ್ಟಂಗಾಲದ ನೆಲವನ್ನು ನಿದರ್ಶನವಾಗಿ ಇಟ್ಟುಕೊಳ್ಳಲಾಗಿದೆ.

ವ್ಯಾಕರಣದ ಮಾತು ಮೊದಲು. ಧಾತುಪಾಠದಲ್ಲಿ 'ಕ್ರೀಡೆ' ಎಂಬ ಅರ್ಥದಲ್ಲಿ ಪಠಿತವಾದ ರಮ್ ಧಾತುವಿನ ಮೇಲೆ ಅನೀಯರ್ ಎಂಬ ಕೃತ್ಯಪ್ರತ್ಯಯ ಬಂದು ರಮಣೀಯ ರೂಪವು ಸಿದ್ಧಿಸುತ್ತದೆ. ಪೂಜನೀಯ, ಸ್ಮರಣೀಯ, ಶೋಚನೀಯ ಎಂಬಲ್ಲಿ ಕಾಣುವುದೂ ಇದೇ ಪ್ರತ್ಯಯವಾದುದರಿಂದ, 'ರಮಿಸುವುದಕ್ಕೆ ಯೋಗ್ಯವಾದುದು' ಎಂಬುದೇ ಇದರ ಅಕ್ಷರಾರ್ಥ. ರಮ್ಯ ಎಂಬುದು ಅದೇ ಧಾತುವಿಗೆ ಯತ್ ಪ್ರತ್ಯಯ ಸೇರಿ ಆದ ಸೋದರರೂಪ; ರಾಮಣೀಯಕ ಎಂಬುದು ರಮಣೀಯದಿಂದ ಹುಟ್ಟಿದ ಭಾವನಾಮ. ಧಾತುವಿನಲ್ಲಿರುವ ರೇಫದ ಬಲದಿಂದ ಪ್ರತ್ಯಯದ ನಕಾರವು ಣಕಾರವಾಗುವುದನ್ನೂ, ರೇಫವಿಲ್ಲದ ಕಮನೀಯದಲ್ಲಿ ಅದು ನಕಾರವಾಗಿಯೇ ಉಳಿಯುವುದನ್ನೂ ಗಮನಿಸಿದರೆ, ಈಚೆಗೆ ಫಲಕಗಳ ಮೇಲೆ ಕಾಣಸಿಗುವ 'ರಮನೀಯ' ಎಂಬ ಬರಹ ಏಕೆ ಅಪಶಬ್ದವೆಂಬುದು ಸ್ಪಷ್ಟವಾಗುತ್ತದೆ. ಕಮನೀಯವೂ ರಮಣೀಯವೂ ಪ್ರಾಸದ ಮೋಹಕ್ಕೆ ಜೊತೆಜೊತೆಯಾಗಿ ಪ್ರಯೋಗವಾಗುತ್ತಿದ್ದರೂ ಅವೆರಡರ ನಡುವೆ ಒಂದು ಅಂತರವುಂಟು: ಕಮನೀಯವಾದುದು ಬಯಕೆಯನ್ನು ಎಬ್ಬಿಸುತ್ತದೆ, ರಮಣೀಯವಾದುದು ಎದ್ದ ಬಯಕೆಯನ್ನು ತಣಿಸಿ ಕೂರಿಸುತ್ತದೆ.

ಈ ಕೂರಿಸುವಿಕೆಯೇ ಧಾತುವಿನ ಪ್ರಾಚೀನ ಅರ್ಥಕ್ಕೆ ಹತ್ತಿರವಾದುದು. ಧಾತುಪಾಠವು ಕ್ರೀಡೆಯೆಂದು ಅರ್ಥ ಹೇಳಿದರೂ, ವೇದಭಾಷೆಯಲ್ಲಿ ರಮ್ ಧಾತು ನಿಲ್ಲು, ನಿಲ್ಲಿಸು, ಶಾಂತವಾಗು ಎಂಬ ಅರ್ಥಗಳಲ್ಲಿ ಬಳಕೆಯಾಗಿದೆ. ನಿಂತುದರಿಂದ ನೆಮ್ಮದಿ, ನೆಮ್ಮದಿಯಿಂದ ಸುಖ, ಸುಖದಿಂದ ಕ್ರೀಡೆ ಎಂಬ ಕ್ರಮದಲ್ಲಿ ಅದರ ಅರ್ಥವು ಬೆಳೆಯಿತೆಂದು ತಿಳಿಯುವುದು ಯುಕ್ತ. ಉಪಸರ್ಗಗಳು ಈ ಹಳೆಯ ಅರ್ಥವನ್ನು ಕಾಪಾಡಿಕೊಂಡು ಬಂದಿವೆ. ವಿರಮಿಸು, ವಿರಾಮ, ಉಪರಮ ಎಂಬಲ್ಲೆಲ್ಲ ನಿಲ್ಲುವುದೇ ಪ್ರಧಾನ. ವಿ, ಆಙ್, ಪರಿ ಎಂಬ ಉಪಸರ್ಗಗಳು ಹಿಂದೆ ಬಂದಾಗ ಈ ಧಾತುವು ಆತ್ಮನೇಪದವನ್ನು ಬಿಟ್ಟು ಪರಸ್ಮೈಪದಿಯಾಗುವುದೆಂದು ಪಾಣಿನಿ ಪ್ರತ್ಯೇಕ ಸೂತ್ರವನ್ನೇ ಮಾಡಿದ್ದಾನೆ. ಉದ್ಯಾನವೆಂಬ ಅರ್ಥದ ಆರಾಮ ಶಬ್ದವೂ ಈ ವಂಶದ್ದೇ. ಬೌದ್ಧರಲ್ಲಿ ಅದು ಭಿಕ್ಷುಗಳು ತಂಗುವ ಸ್ಥಳಕ್ಕೆ ಹೆಸರಾಗಿ ಸಂಘಾರಾಮವಾಯಿತು. ಫಾರಸಿಯ ಆರಾಮ್ ಎಂಬುದು ಸಂಸ್ಕೃತದಿಂದ ಎರವಾಗಿ ಹೋದುದಲ್ಲ. ಇರಾನೀ ಮತ್ತು ಭಾರತೀಯ ಆರ್ಯಭಾಷೆಗಳಿಗೆ ಸಮಾನವಾದ ಮೂಲದಿಂದ ಬೇರೆಯಾಗಿ ಇಳಿದು ಬಂದ ದಾಯಾದಿ. ಹುಬ್ಬಳ್ಳಿಯವರು ಬಂದವರನ್ನು 'ಆರಾಮ ಇದ್ದೀರೇನ್ರಿ' ಎಂದು ವಿಚಾರಿಸುವಾಗ ಫಾರಸಿಯ ಆರಾಮವನ್ನು ಆಡುತ್ತಾರೆ. ಆ ಅತಿಥಿಯನ್ನು ಕವಿಯೊಬ್ಬನು ಆರಾಮದ ಮರಗಳ ನೆರಳಿನಲ್ಲಿ ಕುಳ್ಳಿರಿಸಿದರೆ ಸಂಸ್ಕೃತದ ಆರಾಮವನ್ನು ಆಡುತ್ತಾನೆ. ಎರಡು ದಾರಿಯಿಂದ ಬಂದ ನೆಂಟರು ಕನ್ನಡದ ಒಂದೇ ಜಗುಲಿಯಲ್ಲಿ ಸೇರಿದಂತಾಯಿತು. ಇನ್ನು ಕನ್ನಡದ್ದೇ ಆದ ಒಂದು ಪ್ರಯೋಗವನ್ನು ಇಲ್ಲಿ ಮರೆಯಲಾಗದು: ಅಳುವ ಮಗುವನ್ನು ಎತ್ತಿಕೊಂಡು ತಾಯಿ ರಮಿಸುತ್ತಾಳೆ ಎನ್ನುವಲ್ಲಿ, ಹಟವನ್ನು ನಿಲ್ಲಿಸಿ ಸಮಾಧಾನಕ್ಕೆ ತರುವುದು ಎಂಬ ವೇದಕಾಲದ ಅರ್ಥವು ಪಂಡಿತರ ಹಂಗಿಲ್ಲದೆ ಅಡುಗೆಮನೆಯಲ್ಲಿ ಜೀವಿಸಿಕೊಂಡಿದೆ.

ನಿರುಕ್ತಕಾರನಾದ ಯಾಸ್ಕನು ರಾತ್ರಿ ಎಂಬ ಪದವನ್ನೇ ಈ ಧಾತುವಿನಿಂದ ಬಿಡಿಸುತ್ತಾನೆ. ಇರುಳಿನಲ್ಲಿ ಸಂಚರಿಸುವ ಪ್ರಾಣಿಗಳನ್ನು ಅದು ಹರ್ಷಗೊಳಿಸುತ್ತದೆ, ಉಳಿದವುಗಳನ್ನು ಚಟುವಟಿಕೆಯಿಂದ ನಿಲ್ಲಿಸಿ ಸ್ಥಿರಗೊಳಿಸುತ್ತದೆ ಎಂಬುದು ಅವನ ವಿವರಣೆ. ಆಧುನಿಕ ಭಾಷಾಶಾಸ್ತ್ರವು ಇದನ್ನು ಒಪ್ಪಲಿ ಬಿಡಲಿ, ಹರ್ಷ ಮತ್ತು ನಿಲುಗಡೆ ಎಂಬ ಎರಡು ಅರ್ಥಗಳೂ ಒಂದೇ ಧಾತುವಿನಲ್ಲಿ ಅಡಗಿವೆಯೆಂಬುದು ಅಷ್ಟು ಹಿಂದೆಯೇ ಬಲ್ಲವರಿಗೆ ತಿಳಿದಿತ್ತೆಂಬುದಕ್ಕೆ ಇದು ಸಾಕ್ಷಿ.

ಸಾಹಿತ್ಯದಲ್ಲಿ ರಮಣೀಯ ಪದವು ನೆಲಕ್ಕೆ ಮಾತ್ರ ಅಂಟಿಕೊಂಡುದಲ್ಲ. ಛಾಂದೋಗ್ಯೋಪನಿಷತ್ತಿನಲ್ಲಿ ಅದು ಮನುಷ್ಯನ ನಡತೆಗೆ ವಿಶೇಷಣವಾಗಿ, ಒಳ್ಳೆಯದೆಂಬ ನೈತಿಕಾರ್ಥದಲ್ಲಿ ಬಂದಿದೆ. ಪಾಲಿ ಗ್ರಂಥಗಳಲ್ಲಿ ಸ್ಥಳಕ್ಕೂ ಶೀಲಕ್ಕೂ ನಡುವೆ ಅದು ಸೇತುವೆಯಾಗುತ್ತದೆ: ಪರಿನಿರ್ವಾಣಕ್ಕೆ ಸಮೀಪಿಸಿದ ಬುದ್ಧನು ಆನಂದನಿಗೆ ವೈಶಾಲಿಯನ್ನೂ ಅಲ್ಲಿಯ ಚೈತ್ಯಗಳನ್ನೂ ಒಂದೊಂದಾಗಿ ಹೆಸರಿಸಿ ರಮಣೀಯವೆಂದು ಹೇಳುವ ಪ್ರಸಂಗವು ಮಹಾಪರಿನಿಬ್ಬಾಣ ಸುತ್ತದಲ್ಲಿದೆ, ಹಳ್ಳಿಯೇ ಇರಲಿ ಕಾಡೇ ಇರಲಿ, ಅರ್ಹಂತರು ವಾಸಮಾಡುವ ನೆಲವೇ ರಮಣೀಯವೆಂಬ ಅಭಿಪ್ರಾಯವು ಧಮ್ಮಪದದಲ್ಲಿದೆ. ವಾಲ್ಮೀಕಿಯ ಅರಣ್ಯಕಾಂಡದಲ್ಲಿ ಪಂಚವಟಿಗೆ ಬಂದ ರಾಮನು ಪರ್ಣಶಾಲೆಗೆ ತಕ್ಕ ಸ್ಥಳವನ್ನು ಆರಿಸೆಂದು ಲಕ್ಷ್ಮಣನಿಗೆ ಒಪ್ಪಿಸುವಾಗ, ನೀರು ಹತ್ತಿರವಿರಬೇಕು, ಸಮಿತ್ತು ಹೂವು ದರ್ಭೆಗಳು ದೊರೆಯಬೇಕು ಎಂಬುದರೊಡನೆ, ಸೀತೆಯ ಮನಸ್ಸೂ ತಮ್ಮಿಬ್ಬರ ಮನಸ್ಸೂ ರಮಿಸುವಂತಿರಬೇಕೆಂದು ಹೇಳುತ್ತಾನೆ. ಇಲ್ಲಿ ರಮಿಸುವುದೆಂದರೆ ಮನೆ ಮಾಡಿಕೊಂಡು ಇರುವುದು. ಚೆಲುವು ಎಂಬುದು ಬಾವಿ, ಸೌದೆ, ಹೂಗಳ ಪಟ್ಟಿಯಲ್ಲಿಯೇ ಒಂದು ಬಾಬು.

ರಮಣೀಯತೆಯ ಲಕ್ಷಣವನ್ನು ಹೇಳಿದವರಲ್ಲಿ ಎಲ್ಲರ ಬಾಯಲ್ಲಿಯೂ ನಿಂತವನು ಮಾಘ. ಅವನ ಶಿಶುಪಾಲವಧದ ನಾಲ್ಕನೆಯ ಸರ್ಗದಲ್ಲಿ ಶ್ರೀಕೃಷ್ಣನು ರೈವತಕ ಪರ್ವತವನ್ನು ಕಾಣುತ್ತಾನೆ. ದ್ವಾರಕೆಯ ಒಡೆಯನಾದ ಅವನಿಗೆ ಆ ಬೆಟ್ಟವು ಹೊಸತಲ್ಲ, ಮತ್ತೆಮತ್ತೆ ಕಂಡುದೇ. ಆದರೂ ಮೊದಲ ಬಾರಿ ಕಂಡಂತೆ ವಿಸ್ಮಯವಾಗುತ್ತದೆ. ಕ್ಷಣಕ್ಷಣಕ್ಕೂ ಹೊಸದಾಗುವುದೇ ರಮಣೀಯತೆಯ ರೂಪವೆಂಬ ಲಕ್ಷಣವನ್ನು ಕವಿ ಅಲ್ಲಿ ಕೊಡುತ್ತಾನೆ. ಮುಂದಿನವರು ಈ ಮಾತನ್ನು ಕಾವ್ಯಕ್ಕೂ ನಾರಿಗೂ ಸಂಗೀತಕ್ಕೂ ಹೊಂದಿಸಿ ಹೇಳುತ್ತ, ಅದು ಹುಟ್ಟಿದುದು ಮನೆಯ ಹತ್ತಿರದ, ಚಿರಪರಿಚಿತವಾದ ಒಂದು ಬೆಟ್ಟದ ಎದುರಿನಲ್ಲಿ ಎಂಬುದನ್ನು ಮರೆತುಬಿಟ್ಟರು. ಪರಸ್ಥಳದಿಂದ ಬಂದು ಒಮ್ಮೆ ನೋಡಿ ಹೋಗುವವನಿಗೆ ಈ ಲಕ್ಷಣದಿಂದ ಪ್ರಯೋಜನವಿಲ್ಲ. ಹೊಸತಾಗುವುದನ್ನು ಅರಿಯಬೇಕಾದರೆ ಹಳತನ್ನು ಬಲ್ಲವನಾಗಿರಬೇಕು. ಶಾಕುಂತಲದ ಐದನೆಯ ಅಂಕದಲ್ಲಿ ರಮ್ಯವಾದುದನ್ನು ಕಂಡು ಸುಖಿಯಾದವನೂ ಏಕೆ ಕಳವಳಗೊಳ್ಳುವನೆಂದು ದುಷ್ಯಂತನು ಶಂಕಿಸುವಾಗಲೂ, ಮರೆತುಹೋದ ಹಿಂದಿನ ಪರಿಚಯವೇ ಕಾರಣವಾಗಿರಬೇಕೆಂದು ಕಾಳಿದಾಸನು ಊಹಿಸುತ್ತಾನೆ. ಹದಿನೇಳನೆಯ ಶತಮಾನದಲ್ಲಿ ಜಗನ್ನಾಥ ಪಂಡಿತನು ರಸಗಂಗಾಧರದಲ್ಲಿ ಕಾವ್ಯದ ಲಕ್ಷಣವನ್ನೇ ಈ ಪದದ ಮೇಲೆ ನಿಲ್ಲಿಸಿ, ರಮಣೀಯವಾದ ಅರ್ಥವನ್ನು ಪ್ರತಿಪಾದಿಸುವ ಶಬ್ದವೇ ಕಾವ್ಯವೆಂದೂ, ಲೋಕೋತ್ತರವಾದ ಆಹ್ಲಾದವನ್ನುಂಟುಮಾಡುವ ಜ್ಞಾನಕ್ಕೆ ವಿಷಯವಾಗುವುದೇ ರಮಣೀಯತೆಯೆಂದೂ ವಿವರಿಸಿದನು. ಅಲ್ಲಿಗೆ ಪದವು ನೆಲವನ್ನು ಬಿಟ್ಟು ತರ್ಕದ ಆಕಾಶಕ್ಕೆ ಏರಿತು.

ಕನ್ನಡದಲ್ಲಿ ಈ ತತ್ಸಮವು ಬರುವ ಮೊದಲೇ ಚೆಲುವನ್ನು ಹೇಳುವ ದೇಶ್ಯ ಶಬ್ದಗಳಿಗೆ ಬರವಿರಲಿಲ್ಲ: ಚೆಲ್ವು, ಅಂದ, ಬೆಡಂಗು, ಇಂಪು ಇವು ಹಳಗನ್ನಡದ ಸಂಪತ್ತು. ಸೊಬಗು ಎಂಬುದು ಸುಭಗದ ತದ್ಭವ, ಸಿರಿ ಎಂಬುದು ಶ್ರೀಯ ತದ್ಭವ. ಮಹಾಕಾವ್ಯಕ್ಕೆ ವಿಹಿತವಾದ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರ, ಪರ್ವತ, ಋತು, ಉದ್ಯಾನಗಳಿಗೆ ಸ್ಥಾನವಿದ್ದುದರಿಂದ ನಮ್ಮ ಕವಿಗಳು ಈ ಮಾತುಗಳನ್ನು ಧಾರಾಳವಾಗಿ, ಕೆಲವೊಮ್ಮೆ ಕೈ ಬಿಡುವಿಲ್ಲದೆ, ಚೆಲ್ಲಿದ್ದಾರೆ. ಸಂಪ್ರದಾಯದ ಈ ಹೂಮಾಲೆಗಳ ನಡುವೆ ನಿಜವಾದ ನೆಲದ ವಾಸನೆಯನ್ನು ತಂದವನು ಪಂಪ. 941ರ ವಿಕ್ರಮಾರ್ಜುನ ವಿಜಯದ ನಾಲ್ಕನೆಯ ಆಶ್ವಾಸದಲ್ಲಿ ಬರುವ ಬನವಾಸಿಯ ವರ್ಣನೆಯು ಎಲ್ಲ ಕನ್ನಡಿಗರಿಗೂ ಪ್ರಿಯವಾದುದಕ್ಕೆ ಕಾರಣ, ಅಲ್ಲಿಯ ಕವಿಯು ನೋಡಿ ಮೆಚ್ಚುವುದಷ್ಟಕ್ಕೆ ನಿಲ್ಲದೆ ಆ ನಾಡಿನಲ್ಲಿ ದುಂಬಿಯಾಗಿಯೋ ಕೋಗಿಲೆಯಾಗಿಯೋ ಮರಳಿ ಹುಟ್ಟಬೇಕೆಂದು ಹಂಬಲಿಸುವುದು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ, ಬಿ. ಎಂ. ಶ್ರೀಕಂಠಯ್ಯನವರ ಇಂಗ್ಲಿಷ್ ಗೀತಗಳು ತೆರೆದ ದಾರಿಯಲ್ಲಿ ಹೊಸ ಕಾವ್ಯವು ಹರಿದುಬಂದ ಮೇಲೆ, ವಿಮರ್ಶಕರು ಪಾಶ್ಚಾತ್ಯರ ರೊಮ್ಯಾಂಟಿಕ್ ಪಂಥಕ್ಕೆ ರಮ್ಯಪಂಥವೆಂದು ಹೆಸರಿಟ್ಟರು. ಧ್ವನಿಸಾಮ್ಯದಿಂದ ದೊರೆತ ಈ ಹೆಸರು ಬಲು ಚತುರವಾದುದು, ಆದರೆ ಪದಕ್ಕೆ ಅದರಿಂದ ಹಿತವಾಯಿತೆಂದು ಹೇಳಲಾರೆವು. ನೆಲೆಸಿದವನ ನೆಮ್ಮದಿಯನ್ನು ಹೇಳುತ್ತಿದ್ದ ಮಾತಿಗೆ ಕನಸು, ಉತ್ಕಂಠೆ, ಅತಿಭಾವುಕತೆಗಳ ಛಾಯೆ ಹತ್ತಿ, ಮುಂದೆ ನವ್ಯರು ಅದನ್ನು ನಿಂದಾವಾಚಕವಾಗಿಯೂ ಬಳಸುವಂತಾಯಿತು.

ಮಡಿಕೇರಿಯಲ್ಲಿ ಶಾಲೆಯ ಮುಖ್ಯಸ್ಥರಾಗಿದ್ದ ಪಂಜೆ ಮಂಗೇಶರಾಯರು ಕೊಡಗನ್ನು ಕುರಿತು ಬರೆದ 'ಹುತ್ತರಿ ಹಾಡು' ಈ ಸಂದರ್ಭದಲ್ಲಿ ಉಲ್ಲೇಖನೀಯ. ಅದರಲ್ಲಿ ಅವರು ಭೂಮಿಯನ್ನು ಕರೆಯುವುದು ಭೂರಮೆ ಎಂದು. ರಮೆಯೂ ರಮ್ ಧಾತುವಿನ ಮಗಳೇ. ಗಿರಿಯ ರೂಪವನ್ನು ತಳೆದು ಆಕೆ ಬಂದು ನಿಂತ ನಾಡು ಕೊಡಗು ಎಂಬ ಕಲ್ಪನೆಯಲ್ಲಿ ಪದದ ಹಳೆಯ ಅರ್ಥವು, ಕವಿ ಉದ್ದೇಶಿಸಿದರೋ ಇಲ್ಲವೋ, ಮತ್ತೆ ತಲೆಯೆತ್ತಿದೆ.

ಇಂಗ್ಲಿಷರಲ್ಲಿ ದೃಶ್ಯದ ಚೆಲುವಿಗೆ ಬಳಕೆಯಲ್ಲಿರುವ ಪಿಕ್ಚರೆಸ್ಕ್ ಎಂಬ ಪದದ ಹುಟ್ಟು ಬೇರೆ ತೆರನಾದುದು. ಇಟಾಲಿಯನ್ನಿನ ಪಿತ್ತೊರೆಸ್ಕೊದಿಂದ ಬಂದ ಅದು ಚಿತ್ರಕಾರನಿಗೆ ಸಂಬಂಧಿಸಿದ್ದು, ಚಿತ್ರಕ್ಕೆ ತಕ್ಕದ್ದು ಎಂದು ಅರ್ಥ ಕೊಡುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಅದನ್ನು ಒಂದು ಸಿದ್ಧಾಂತವಾಗಿ ಪ್ರಚಾರಕ್ಕೆ ತಂದವನು ವಿಲಿಯಂ ಗಿಲ್ಪಿನ್ ಎಂಬ ಪಾದ್ರಿ. 1782ರಲ್ಲಿ ಪ್ರಕಟವಾದ ವೈ ನದಿಯ ಪ್ರವಾಸಕಥನದಲ್ಲಿ ಆತನು, ಪಾಳುಬಿದ್ದ ಟಿಂಟರ್ನ್ ಮಠದ ಗೋಡೆಗಳ ತುದಿ ಅತಿ ಕ್ರಮಬದ್ಧವಾಗಿ ಉಳಿದುಕೊಂಡಿರುವುದಕ್ಕೆ ಅಸಮಾಧಾನಪಟ್ಟು, ಸುತ್ತಿಗೆಯಿಂದ ಒಂದೆರಡು ಏಟು ಹಾಕಿದರೆ ನೋಟವು ಸುಧಾರಿಸೀತೆಂದು ಬರೆದಿದ್ದಾನೆ. ಆ ಕಾಲದ ರಸಿಕರು ಕ್ಲಾಡ್ ಲೊರೇನ್ ಎಂಬ ಚಿತ್ರಕಾರನ ಹೆಸರಿನ ಕಪ್ಪುಛಾಯೆಯ ಪುಟ್ಟ ಕನ್ನಡಿಯನ್ನು ಹಿಡಿದುಕೊಂಡು, ಬೆಟ್ಟಕ್ಕೆ ಬೆನ್ನುಹಾಕಿ ನಿಂತು, ಅದರ ಪ್ರತಿಬಿಂಬವನ್ನು ಚಿತ್ರವೆಂಬಂತೆ ಸವಿಯುತ್ತಿದ್ದರು. ಇಂದು ಜಲಪಾತಕ್ಕೆ ಬೆನ್ನುಮಾಡಿ ಮೊಬೈಲಿನ ಗಾಜಿನಲ್ಲಿ ತಮ್ಮೊಡನೆ ಅದನ್ನು ನೋಡಿಕೊಳ್ಳುವವರು ಆ ಪಂಥದ ಯೋಗ್ಯ ವಾರಸುದಾರರು. ಕೊಡಗಿಗೆ 'ಭಾರತದ ಸ್ಕಾಟ್ಲೆಂಡ್' ಎಂಬ ಬಿರುದು ದೊರೆತುದೂ ಈ ಕಣ್ಣಿನಿಂದಲೇ. ತಾವು ಮೊದಲೇ ಕಂಡ ಚಿತ್ರವೊಂದಕ್ಕೆ ಹೋಲುವ ನೆಲವನ್ನು ಇಂಗ್ಲಿಷರು ಇಲ್ಲಿ ಗುರುತಿಸಿದರು.

ಇನ್ನು ಬಿಟ್ಟಂಗಾಲದ ಮಾತು. ದೊಡ್ಡವೀರರಾಜೇಂದ್ರನು ಜನರಲ್ ಅಬರ್‌ಕ್ರೋಂಬಿಯೊಡನೆ ನಡೆದ ಭೇಟಿಯ ನೆನಪಿಗಾಗಿ 1792ರಲ್ಲಿ ಕಟ್ಟಿಸಿದ ವಿರಾಜಪೇಟೆಯಿಂದ ಗೋಣಿಕೊಪ್ಪಲಿಗೆ ಹೋಗುವ ಹೆದ್ದಾರಿಯ ಮೇಲೆ ಈ ಗ್ರಾಮವಿದೆ. ತಲಕಾವೇರಿಯಂತೆ ತೀರ್ಥವಾಗಲಿ, ಅಬ್ಬಿಯಂತೆ ಜಲಪಾತವಾಗಲಿ, ಮಡಿಕೇರಿಯ ರಾಜಾಸೀಟಿನಂತೆ ದೊರೆಗಳು ಕುಳಿತು ಸೂರ್ಯಾಸ್ತವನ್ನು ನೋಡುತ್ತಿದ್ದ ಮಂಟಪವಾಗಲಿ ಇಲ್ಲಿಯ ಖ್ಯಾತಿಗೆ ಕಾರಣವಾಗಿಲ್ಲ; ಅಂಬಟ್ಟಿಯ ಗಾಲ್ಫ್ ಮೈದಾನಕ್ಕೆ ಹೋಗುವವರನ್ನು ಬಿಟ್ಟರೆ ಹೊರಗಿನವರು ಬಹುಪಾಲು ಇದನ್ನು ಬಸ್ಸಿನ ಕಿಟಕಿಯಿಂದಲೇ ದಾಟುತ್ತಾರೆ. ಪ್ರೇಕ್ಷಣೀಯ ಸ್ಥಳಗಳ ಪಟ್ಟಿಯಲ್ಲಿ ಇಂತಹ ಊರಿಗೆ ಹೆಸರಿರುವುದಿಲ್ಲ. ಪ್ರೇಕ್ಷಣೀಯವೆಂಬುದರಲ್ಲಿಯೂ ಅನೀಯ ಪ್ರತ್ಯಯವೇ ಇದ್ದರೂ ಅದರ ಧಾತು ನೋಟದ್ದು, ರಮಣೀಯದ ಧಾತು ನಿಲುವಿನದು. ಬಿಟ್ಟಂಗಾಲವು ಎರಡನೆಯದಕ್ಕೆ ಸೇರಿದುದು.

ದಕ್ಷಿಣ ಕೊಡಗಿನ ಈ ಭಾಗದ ಭೂದೃಶ್ಯವು ಒಂದು ಆಡಳಿತಕ್ರಮದ ಫಲವೆಂಬುದನ್ನು ಮೊದಲು ತಿಳಿಯಬೇಕು. ತಗ್ಗಿನಲ್ಲಿ ಬಾಗಿಬಳುಕಿ ಹೋಗುವ ಗದ್ದೆಯ ಬಯಲು. ಅದರ ಎರಡು ಅಂಚಿನ ಏರಿನಲ್ಲಿ ಬಾಣೆ. ಅದಕ್ಕೂ ಆಚೆ ದೇವರಕಾಡು. ತಲೆಮಾರಿನಿಂದ ತಲೆಮಾರಿಗೆ ಬರುವ ಜಮ್ಮಾ ಹಿಡುವಳಿಯಲ್ಲಿ ಗದ್ದೆಗೆ ಕಂದಾಯವಿತ್ತು. ಗದ್ದೆಗೆ ಬೇಕಾದ ಸೊಪ್ಪು, ಮನೆಗೆ ಬೇಕಾದ ಸೌದೆ, ದನಗಳಿಗೆ ಬೇಕಾದ ಮೇವು ಇವುಗಳಿಗಾಗಿ ಜೊತೆಯಲ್ಲಿ ಬಿಟ್ಟ ಮರಗಾಡಿನ ಬಾಣೆಗೆ ಕಂದಾಯವಿರಲಿಲ್ಲ. ಗದ್ದೆಯೊಂದನ್ನು ಉಳಿಸಿಕೊಳ್ಳಬೇಕಾದರೆ ಅದರ ಬೆನ್ನಿಗೆ ಕಾಡನ್ನೂ ಉಳಿಸಿಕೊಳ್ಳಬೇಕಾಗಿದ್ದುದರಿಂದ, ಹಳದಿಗೆ ತಿರುಗುವ ಬತ್ತದ ಪಟ್ಟಿಯೂ ಅದರ ಮೇಲೆ ಬಾಗಿದ ಕಡುಹಸಿರೂ ಒಂದರ ಪಕ್ಕದಲ್ಲೊಂದು ಉಳಿದು ಬಂದವು. ನಾವು ಇಂದು ನಿಸರ್ಗರಮಣೀಯವೆಂದು ಕೊಂಡಾಡುವ ಈ ಹೊಂದಾಣಿಕೆಯಲ್ಲಿ ನಿಸರ್ಗದ ಪಾಲೆಷ್ಟೋ ಶ್ಯಾನುಭೋಗನ ಲೆಕ್ಕದ ಪಾಲೂ ಅಷ್ಟೇ ಇದೆ. ಕೊಡಗಿನಲ್ಲಿ ಸಾವಿರಕ್ಕೂ ಮಿಕ್ಕಿ ಇರುವ ದೇವರಕಾಡುಗಳು ಕೊಡಲಿಯಿಂದ ತಪ್ಪಿಸಿಕೊಂಡುದಕ್ಕೆ ಸೌಂದರ್ಯಪ್ರೀತಿಗಿಂತ ಭಯಭಕ್ತಿಯೇ ಕಾರಣ.

ಈ ಬಾಣೆಯ ಮರಗಳ ಅಡಿಗೆ ಕಾಫಿ ಬಂದು ನಿಂತುದು ಆಮೇಲಿನ ಕತೆ. 1854ರಲ್ಲಿ ಫೌಲರ್ ಎಂಬ ಐರೋಪ್ಯನು ಮಡಿಕೇರಿಯ ಬಳಿ ಮೊದಲ ತೋಟವನ್ನು ತೆರೆದ ಮೇಲೆ ಬೆಳೆಯು ಜಿಲ್ಲೆಯಲ್ಲೆಲ್ಲ ಹರಡಿತು. ದಕ್ಷಿಣದ ಬೆಚ್ಚನೆಯ ತಗ್ಗುಗಳಿಗೆ ರೋಬಸ್ಟಾ ತಳಿಯು ಒಗ್ಗಿಕೊಂಡಿತು. ಹಲಸು, ಅತ್ತಿ, ಬೀಟೆ, ಹಾಲುವಾಣ ಮೊದಲಾದವುಗಳ ನೆರಳಿನಲ್ಲಿ ಕಾಫಿ, ಕಾಂಡಗಳಿಗೆ ಹಬ್ಬಿದ ಕರಿಮೆಣಸು, ಅವುಗಳ ನಡುವೆ ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಓಕ್. ಬೇಸಗೆಯ ಮೊದಲಲ್ಲಿ ಹೂಮಳೆ ಬಿದ್ದು, ಒಂದು ವಾರ ಹತ್ತು ದಿನಗಳೊಳಗೆ ತೋಟವೆಲ್ಲ ಒಮ್ಮೆಗೇ ಬೆಳ್ಳಗಾಗಿ, ಮಲ್ಲಿಗೆಯನ್ನು ನೆನಪಿಸುವ ಕಂಪು ರಸ್ತೆಗೂ ಬಂದು ಮುಟ್ಟುವ ಆ ಮೂರು ನಾಲ್ಕು ದಿನಗಳನ್ನು ನೋಡಲೆಂದೇ ಜನರು ಬರುವುದುಂಟು. ತೋಟದವನೋ ಆಗ ಹೂವನ್ನು ನೋಡುವುದಕ್ಕಿಂತ ಹೆಚ್ಚಾಗಿ ಆಕಾಶವನ್ನು ನೋಡುತ್ತಿರುತ್ತಾನೆ. ಹಿಂದೆಯೇ ಬರಬೇಕಾದ ಇನ್ನೊಂದು ಮಳೆ ತಪ್ಪಿದರೆ ಹೂವು ಕಾಯಿ ಕಚ್ಚುವುದಿಲ್ಲ.

ಕೊಡವರ ಐನ್‌ಮನೆಯ ನಿವೇಶನವನ್ನು ಪಂಚವಟಿಯ ಪ್ರಸಂಗದೊಡನೆ ಹೋಲಿಸಿ ನೋಡಬಹುದು. ಒಕ್ಕದ, ಎಂದರೆ ಕುಲದ, ಮೂಲಮನೆಯಾದ ಇದನ್ನು ಇಳಿಜಾರಿನಲ್ಲಿ, ಸಾಮಾನ್ಯವಾಗಿ ಪೂರ್ವಕ್ಕೆ ಮುಖಮಾಡಿ, ತಮ್ಮ ಗದ್ದೆಗಳು ಕಣ್ಣಿಗೆ ಬೀಳುವಂತೆ ಕಟ್ಟುವರು. ಎರಡು ಕಡೆ ಮಣ್ಣಿನ ಬರೆಗಳುಳ್ಳ ಓಣಿಯಲ್ಲಿ ತಿರುಗಿ ಬರುವವನಿಗೆ ಕೊನೆಯವರೆಗೂ ಮನೆಯು ಗೋಚರಿಸುವುದಿಲ್ಲ. ಮುಂಭಾಗದ ಜಗುಲಿಯಾದ ಕೈಯಾಲೆಯಲ್ಲಿ ಕಂಬಗಳ ನಡುವೆ ಜೋಡಿಸಿದ ಅಗಲವಾದ, ತಲೆಮಾರುಗಳು ಕುಳಿತು ಕುಳಿತು ನುಣುಪಾದ ಹಲಗೆಯ ಆಸನಕ್ಕೆ ಐಮರವೆಂದು ಹೆಸರು. ಅದು ಹಿರಿಯರ ಸ್ಥಾನ. ಅಲ್ಲಿ ಕುಳಿತವರು ಎದುರಿನ ಬಯಲನ್ನು ನೋಡುವುದು ಯಾವ ಮಡಿಯಲ್ಲಿ ನೀರು ನಿಂತಿದೆ, ಯಾವ ಬದು ಒಡೆದಿದೆ, ಯಾರ ದನ ಪೈರಿಗೆ ಇಳಿದಿದೆ ಎಂಬುದನ್ನು ತಿಳಿಯುವುದಕ್ಕೆ. ಕೊಡವ ತಕ್ಕಿನಲ್ಲಿ ಚೆಲುವಿಗೆ ಚಾಯಿ ಎಂಬ ಮುದ್ದಾದ ಮಾತಿದ್ದರೂ, ಮಾಗಿದ ಗದ್ದೆಯ ಎದುರಿನಲ್ಲಿ ಕೇಳಿಬರುವ ಮಾತು ಬೇರೆ. ಸುಗ್ಗಿಯ ಹಬ್ಬವಾದ ಪುತ್ತರಿಯ (ಹುತ್ತರಿಯ) ಇರುಳಿನಲ್ಲಿ ದೀಪ ಹಿಡಿದು ಗದ್ದೆಗಿಳಿದು, ಕೋವಿಯ ಗುಂಡು ಹಾರಿಸಿ, ಮೊದಲ ಕದಿರನ್ನು ಕೊಯ್ಯುವಾಗ ಅವರು ಕೂಗುವುದು 'ಪೊಲಿ ಪೊಲಿ' ಎಂದು. ಪೊಲಿ ಎಂದರೆ ಹೆಚ್ಚಲಿ, ಸಮೃದ್ಧಿಯಾಗಲಿ ಎಂದರ್ಥ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ಪಟ್ಟೋಲೆ ಪಳಮೆಯಲ್ಲಿ ಇಂತಹ ಹಬ್ಬಗಳ ಹಾಡುಗಳೂ ಆಚಾರಗಳೂ ಕನ್ನಡ ಲಿಪಿಯಲ್ಲಿ ಸಂಗ್ರಹವಾಗಿವೆ.

ಈಗ ಇದೇ ನೆಲದಲ್ಲಿ ರಮಣೀಯವೆಂಬ ಪದಕ್ಕೆ ಬೆಲೆ ಏರಿ, ಪದಾರ್ಥಕ್ಕೆ ಇಳಿಯುತ್ತಿರುವುದು ವಿಪರ್ಯಾಸ. ಹೋಂಸ್ಟೇಗಳ ಜಾಹೀರಾತುಗಳಲ್ಲಿ ಪುಟಕ್ಕೆ ನಾಲ್ಕು ಬಾರಿ ಅದು ಅಚ್ಚಾಗುತ್ತಿರುವಾಗಲೇ, ಕೂಲಿಯ ಅಭಾವ, ಕಾಡುಪ್ರಾಣಿಗಳ ಹಾವಳಿ, ಬತ್ತಕ್ಕೆ ಸಿಗುವ ಕಡಮೆ ಬೆಲೆ ಇವುಗಳಿಂದ ಕೊಡಗಿನ ಗದ್ದೆಗಳು ಪಾಳುಬೀಳುತ್ತಲೋ ಶುಂಠಿಗೆ, ಅಡಕೆಗೆ, ಕಟ್ಟಡಗಳಿಗೆ ತಿರುಗುತ್ತಲೋ ಇವೆ. 2018ರ ಆಗಸ್ಟಿನಲ್ಲಿ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳ ಬೆಟ್ಟಗಳು ಕುಸಿದು, ನೋಟಕ್ಕೆ ಹೆಸರಾದ ಇಳಿಜಾರುಗಳೇ ಮನೆಗಳ ಮೇಲೆ ಬಂದುವು. ಗದ್ದೆಯೊಂದು ಮುಚ್ಚಿಹೋದ ಕಣಿವೆಯು ಬಸ್ಸಿನಿಂದ ನೋಡುವವನಿಗೆ ಇನ್ನೂ ಹಸಿರಾಗಿಯೇ ಕಂಡೀತು. ಐಮರದ ಮೇಲೆ ಕುಳಿತವನಿಗೆ ಹಾಗೆ ಕಾಣುವುದಿಲ್ಲ.

ನಿಘಂಟುಗಳಲ್ಲಿ ರಮಣೀಯಕ್ಕೆ ಮನೋಹರ, ಸುಂದರ, ಚೆಲುವಾದ ಎಂದು ಪರ್ಯಾಯಗಳನ್ನು ಕೊಟ್ಟು ಕೈಬಿಡುವುದು ರೂಢಿ. ನಿಲ್ಲಲು ತಕ್ಕ, ನೆಲೆಸಲು ತಕ್ಕ ಎಂಬ ಅರ್ಥವನ್ನು ಅವುಗಳ ಮುಂದೆ ಸೇರಿಸುವುದು ಅವಶ್ಯ. ಅದರೊಡನೆ ಬಾಣೆ, ಬರೆ, ಓಣಿ, ಊರವರು ಕೂಡುವ ತಾಣಗಳಾದ ಮಂದು, ಅಂಬಲ, ಮತ್ತು ಕೈಯಾಲೆ, ಐಮರ ಮೊದಲಾದ ಕೊಡಗಿನ ನೆಲದ ಮಾತುಗಳನ್ನು, ಅವುಗಳನ್ನು ದಿನವೂ ಆಡುವ ಹಿರಿಯರು ಇರುವಾಗಲೇ, ಬಿಟ್ಟಂಗಾಲದಂತಹ ಊರುಗಳಲ್ಲಿ ಕೇಳಿ ಬರೆದುಕೊಂಡು ಕನ್ನಡ ನಿಘಂಟಿಗೆ ಸೇರಿಸುವ ಕೆಲಸವನ್ನು ವಿರಾಜಪೇಟೆ, ಮಡಿಕೇರಿಗಳ ಕಾಲೇಜುಗಳ ಕನ್ನಡ ಅಧ್ಯಾಪಕರು ಕೈಗೆತ್ತಿಕೊಳ್ಳಬೇಕು.